ಟ್ಯಾಂಗೋ ಊರಿನಲ್ಲಿ ರಾಣಿ ವೇಷ

ಅರಸೀಕೆರೆ ಜಂಕ್ಷನ್

ಅರ್ಜೆಂಟೀನಾಕ್ಕೆ ಹೋಗಿ ಬಂದೆ ಎಂದರೆ ಅರಸೀಕೆರೆಯಲ್ಲಿ ಎಲ್ಲರೂ ಮೊದಲು ಕೇಳುವುದು, ಅಲ್ಲಿ ನಿಮ್ಮವರು ಯಾರಿದ್ದಾರೆ ಎಂದು. ಮಗನೋ ಮಗಳೋ, ಬಾಣಂತನವೋ ಗೃಹಪ್ರವೇಶವೋ? ನಮ್ಮವರು ಯಾರೂ ಇಲ್ಲ, ಟ್ಯಾಂಗೋ ಕುಣಿಯಲು ಹೋಗಿದ್ದೆ ಎನ್ನುತ್ತೇನೆ. ಕೇಳಿದವರು ತಕ್ಷಣ ನನ್ನನ್ನು ಬಿಟ್ಟು ನಮ್ಮ ಯಜಮಾನರ ಮುಖ ನೋಡುತ್ತಾರೆ. ಅವರು ಫ್ಯಾನಿನ ಕಡೆ ನೋಡುತ್ತಾರೆ.

ಇದೆಲ್ಲ ಶುರುವಾದದ್ದು ನಮ್ಮ ರೈಲು ನಿಲ್ದಾಣದ ಮೆಟ್ಟಿಲ ಮೇಲೆ. ಬೇಲೂರು, ಹಳೇಬೀಡು ನೋಡಲು ಬರುವ ಪರದೇಶದವರು ಕೆಲವರು ಇಲ್ಲೇ ಇಳಿದು ಬಸ್ಸು ಹಿಡಿಯುತ್ತಾರೆ. ಹಾಗೆ ಇಳಿದ ಅರವತ್ತು ದಾಟಿದ ಹೆಂಗಸೊಬ್ಬಳು ಮೇಲ್ಸೇತುವೆಯ ಕೊನೆಯ ಮೆಟ್ಟಿಲು ತಪ್ಪಿ, ಕಾಲು ಉಳುಕಿ, ಬ್ಯಾಗಿನ ಮೇಲೆ ಕೂತುಬಿಟ್ಟಿದ್ದಳು. ತಂಗಿಯನ್ನು ರೈಲು ಹತ್ತಿಸಲು ಹೋಗಿದ್ದ ನಾನು ಅವಳನ್ನು ಆಟೋ ಹತ್ತಿಸಿಕೊಂಡು ಮನೆಗೆ ಬಂದೆ. ಹೆಸರು ಗ್ರಸಿಯೇಲಾ, ಊರು ಬ್ಯೂನಸ್ ಐರಿಸ್. ಭೂಗೋಳದ ಮೇಷ್ಟರಾಗಿ ನಿವೃತ್ತಿಯಾಗಿ, ಈಗ ಅಣ್ಣನ ಜೊತೆ ಸೇರಿ ತಮ್ಮ ಬಡಾವಣೆಯಲ್ಲಿ ಟ್ಯಾಂಗೋ ಹೇಳಿಕೊಡುತ್ತಾಳೆ. ನನ್ನ ಬಿ.ಕಾಂ. ಇಂಗ್ಲಿಷು, ಅವಳ ಮುರುಕು ಇಂಗ್ಲಿಷು ಒಂದಕ್ಕೊಂದು ಸರಿಹೊಂದಿದವು.

ಮೂಳೆ ಮುರಿದಿಲ್ಲ, ವಿಶ್ರಾಂತಿ ಬೇಕು ಎಂದರು ಡಾಕ್ಟರು. ಎರಡು ದಿನ ಮಲಗಿದವಳು ಮೂರನೆಯ ದಿನ ನನ್ನನ್ನು ನಡೆಸು ಎಂದು ಹಟ ಹಿಡಿದಳು. ಹಿಮ್ಮುಖವಾಗಿ ನಡೆದರೆ ಉಳುಕಿದ ಕಾಲಿಗೆ ನೋವಾಗುವುದಿಲ್ಲ ಎಂಬುದು ಅವಳ ವಾದ. ಸರಿ, ನಮ್ಮ ತಾರಸಿಯ ಮೇಲೆ ಅವಳು ನನ್ನ ಹೆಗಲಿಗೆ ಒರಗಿದಳು, ನಾನು ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡೆ. ನಾನು ಮುಂದೆ ಹೆಜ್ಜೆ ಇಟ್ಟರೆ ಅವಳು ಹಿಂದೆ ಇಡುವಳು. ಅವಳ ಫೋನಿನಲ್ಲಿ ಹಾಡು. ಸುತ್ತಮುತ್ತಲ ತಾರಸಿಗಳ ಹೆಂಗಸರು ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡಿದರು. ರೋಗಿಗೆ ಉಪಚಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ ನನಗೆ ವಾರದ ಕೊನೆಗೆ ಹುಚ್ಚು ಹಿಡಿದಿತ್ತು. ಅಷ್ಟು ಖುಷಿಯಾಗಿ ನಾನು ಯಾವತ್ತೂ ನಡೆದಿರಲಿಲ್ಲ.

ಊರಿಗೆ ಹೊರಡುವ ಮುಂಚೆ ಅವಳನ್ನು ಬೇಲೂರಿಗೆ ಕರೆದುಕೊಂಡು ಹೋದೆವು. ಮದನಿಕೆಯರನ್ನು ಕತ್ತೆತ್ತಿ ನೋಡುತ್ತಾ ಬಹಳ ಹೊತ್ತು ನಿಂತಳು. ವಾಪಸು ಬರುವಾಗ ಹಗರೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಕೇಳಿದಳು: "ನಿಮ್ಮ ಕಲ್ಲಿನ ಹೆಂಗಸರು ಒಬ್ಬೊಬ್ಬರೇ ಕುಣಿಯುತ್ತಾರಲ್ಲ ಗಿರಿಜಾ, ಜೊತೆಗೆ ಯಾರೂ ಬೇಡವೇ?"

ಲೋಟ ಕೆಳಗಿಟ್ಟು ಅವಳೇ, "ನಮ್ಮೂರಿಗೆ ಬಾ. ಜನರ ನಡುವೆ ಒಂದು ಸುತ್ತು ಕುಣಿ" ಎಂದಳು. ಅವರಲ್ಲಿ ಮೂರೋ ನಾಲ್ಕೋ ಹಾಡುಗಳನ್ನು ಒಟ್ಟಿಗೆ ನುಡಿಸುತ್ತಾರೆ, ಅದು ಒಂದು ಸುತ್ತು. ಹಿಡಿದ ಜೊತೆಯನ್ನು ಸುತ್ತು ಮುಗಿಯುವ ತನಕ ಬಿಡುವಂತಿಲ್ಲ. ಬರುತ್ತೇನೆ ಎಂದು ಮಾತು ಕೊಟ್ಟೆ.

ಆಮೇಲೆ ಎರಡು ವರ್ಷ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಅಭ್ಯಾಸ ಮಾಡಿದೆ. ಜೊತೆಗೆ ಒಂದು ಒರಗುದಿಂಬು. ಗಂಡಸಿ ಊರಿನಿಂದ ಬಂದ ನಾದಿನಿಗೆ ಸುದ್ದಿ ಗೊತ್ತಾಗಿ, "ಈ ವಯಸ್ಸಲ್ಲಿ ಕುಣಿಯಕ್ಕೆ ವಿಮಾನ ಹತ್ತಬೇಕಾ ಅತ್ತಿಗೆ? ಇಲ್ಲೇ ಕುಣೀರಿ, ನಾವೂ ನೋಡ್ತೀವಿ" ಎಂದು ಬಿದ್ದು ಬಿದ್ದು ನಕ್ಕಳು. ಅವತ್ತೇ ನಿಶ್ಚಯ ಮಾಡಿದೆ. ಒಂದು ಸುತ್ತು ಪೂರ್ತಿ ಕುಣಿದೇ ಬರುವುದು. ಇಲ್ಲದಿದ್ದರೆ ಇವಳ ಮುಂದೆ ತಲೆ ಎತ್ತುವ ಹಾಗಿಲ್ಲ.

ಯಜಮಾನರು ರುದ್ರಪ್ಪನವರು. ತೋಟ ಅವರದು, ಕೊಬ್ಬರಿ ಮಂಡಿಯ ವ್ಯವಹಾರ ನನ್ನದು. ಅವರ ಷರತ್ತು ಸ್ಪಷ್ಟವಾಗಿತ್ತು. "ಬತ್ತೀನಿ. ಆದ್ರೆ ನಾನು ಕುಣಿಯಲ್ಲ. ನಿನ್ನ ಯಾವನಾದ್ರೂ ಹಿಡ್ಕೊಂಡು ಕುಣಿಸಿದ್ರೆ ನೋಡೋದೂ ಇಲ್ಲ. ಕಿಟಕಿ ಕಡೆ ತಿರುಗಿ ಕೂತಿರ್ತೀನಿ."

ಎಡಕ್ಕೆ ಹೋಗುವ ಸೂರ್ಯ

ಬ್ಯೂನಸ್ ಐರಿಸ್‌ನಲ್ಲಿ ನಮ್ಮವರಿಗೆ ಮೊದಲು ಕೈಕೊಟ್ಟವನು ಸೂರ್ಯ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ಲಿಂಗಪೂಜೆಗೆ ಕೂತರು. ಪೂಜೆ ಮುಗಿಸಿ ನೋಡಿದರೆ ಸೂರ್ಯ ಬಲಗಡೆಗೆ ಏರುವ ಬದಲು ಎಡಗಡೆಗೆ ಜರುಗಿದ್ದಾನೆ. "ಇಲ್ಲಿ ಎಲ್ಲಾ ಉಲ್ಟಾ ಐತೆ ಕಣೇ" ಎಂದರು ಗಾಬರಿಯಾಗಿ. ಭೂಗೋಳದ ಮೇಷ್ಟರಾಗಿದ್ದ ಗ್ರಸಿಯೇಲಾ ಕಿತ್ತಳೆಹಣ್ಣು ತಿರುಗಿಸಿ ತೋರಿಸಿ ಸಮಾಧಾನ ಮಾಡಿದಳು.

ಎರಡನೆಯದು ಎಂಜಲು. ಆ ಊರಿನಲ್ಲಿ ಸೋರೆಬುರುಡೆಯಲ್ಲಿ ಒಂದು ಸೊಪ್ಪಿನ ಪುಡಿ ಹಾಕಿ, ಬಿಸಿನೀರು ಹುಯ್ದು, ಲೋಹದ ಕೊಳವೆಯಲ್ಲಿ ಹೀರುತ್ತಾರೆ. ನೆಲಬೇವಿನ ಕಷಾಯದ ತಂಗಿ. ಕುಡಿಯುವುದು ಹತ್ತು ಜನ, ಕೊಳವೆ ಒಂದೇ. ಗ್ರಸಿಯೇಲಾಳ ಅಣ್ಣ ಓಸ್ವಾಲ್ದೋ, ಎಪ್ಪತ್ತು ದಾಟಿದ, ಮಂಡಿನೋವಿಗೆ ಕೋಲು ಹಿಡಿದ ನಿವೃತ್ತ ಬಸ್ ಡ್ರೈವರು, ತಾನು ಹೀರಿ ನಮ್ಮವರ ಮುಂದೆ ಹಿಡಿದ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದೇ ಬೆಳೆದ ಮನುಷ್ಯ ಆ ಕೊಳವೆಯನ್ನು ಹಾವಿನ ಮರಿ ನೋಡಿದ ಹಾಗೆ ನೋಡಿದರು. "ಹೊಟ್ಟೆ ಸರಿ ಇಲ್ಲ ಅನ್ನೇ" ಎಂದು ನನಗೆ ಪಿಸುಗುಟ್ಟಿದರು. ನಾನು ಇಸಿದುಕೊಂಡು ಹೀರಿದೆ. ಕುಣಿಯಲು ಬಂದವಳು ಕೊಳವೆಗೆ ಹೆದರಿದರೆ ಆಗುತ್ತದೆಯೇ?

ಸಂಜೆ ನಮ್ಮ ರಾಗಿಹಿಟ್ಟಿನಿಂದ ಮುದ್ದೆ ಮಾಡಿದೆ. ಅಗಿಯಬೇಡಿ, ನುಂಗಿ ಎಂದರೆ ಓಸ್ವಾಲ್ದೋ ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿ, ಕದ್ದು ಅಗಿದ. ಕೊಳವೆಯ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು ಎಂದು ನಮ್ಮವರಿಗೆ ಖುಷಿಯೋ ಖುಷಿ.

ಬಂದರಿನ ವಠಾರ

ಟ್ಯಾಂಗೋ ಹುಟ್ಟಿದ ಜಾಗ ನೋಡಬೇಕು ಎಂದಾಗ ಅರಮನೆಯನ್ನೋ ದೇವಸ್ಥಾನವನ್ನೋ ತೋರಿಸುತ್ತಾಳೆ ಎಂದುಕೊಂಡಿದ್ದೆ. ಬೇಲೂರಿನ ಪಕ್ಕದಲ್ಲಿ ಬೆಳೆದವರಿಗೆ ನೃತ್ಯ ಎಂದರೆ ರಾಜರು, ರಾಣಿಯರು, ಗುಡಿ. ಗ್ರಸಿಯೇಲಾ ಕರೆದುಕೊಂಡು ಹೋದದ್ದು ಬಂದರಿನ ಹತ್ತಿರದ ಹಳೆಯ ವಠಾರಕ್ಕೆ. ತಗಡಿನ ಗೋಡೆಗಳಿಗೆ ಹಡಗಿಗೆ ಬಳಿದು ಉಳಿದ ಬಣ್ಣ. ನಡುವೆ ಅಂಗಳ, ಸುತ್ತ ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಎಲ್ಲರಿಗೂ ಒಂದೇ ನಲ್ಲಿ.

"ನನ್ನ ಅಜ್ಜ ಇಟಲಿಯಿಂದ ಬಂದು ಇಂಥ ಒಂದು ಕೋಣೆಯಲ್ಲಿ ಇದ್ದ. ಪಕ್ಕದ ಕೋಣೆಯವನು ಸ್ಪೇನಿನವನು. ಅದರಾಚೆ ಗುಲಾಮರಾಗಿ ಆಫ್ರಿಕಾದಿಂದ ಬಂದವರ ಮಕ್ಕಳು. ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲ" ಎಂದಳು.

ಆಫ್ರಿಕಾದವರ ಡೋಲಿನ ಪೆಟ್ಟು, ಹಳ್ಳಿಗರ ಗಿಟಾರು, ಹಡಗಿನವರ ಹಾಡು ಎಲ್ಲ ಇಂಥ ಅಂಗಳಗಳಲ್ಲಿ ಬೆರೆತು ಟ್ಯಾಂಗೋ ಆಯಿತಂತೆ. ಆ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಅಣ್ಣತಂಗಿಯರಿಗೇ ಜಗಳ. ಅದು ಆಫ್ರಿಕಾದವರು ಸೇರಿ ಕುಣಿಯುತ್ತಿದ್ದ ಜಾಗದ ಹೆಸರು ಎನ್ನುತ್ತಾಳೆ ಇವಳು, ಡೋಲಿನ ಸದ್ದು ಎನ್ನುತ್ತಾನೆ ಅವನು. ಗೊತ್ತಿರುವವರು ಯಾರೂ ಇಲ್ಲ, ಆದ್ದರಿಂದ ಜಗಳಕ್ಕೆ ಕೊನೆಯಿಲ್ಲ.

ಮರ್ಯಾದಸ್ಥರು ಎನಿಸಿಕೊಂಡವರು ಬಹಳ ಕಾಲ ಟ್ಯಾಂಗೋವನ್ನು ಹೊಸಿಲು ದಾಟಿಸಲಿಲ್ಲ. ಅದು ಪ್ಯಾರಿಸ್ಸಿಗೆ ಹೋಗಿ ಅಲ್ಲಿಯ ಸಾಹುಕಾರರು ಕುಣಿದ ಮೇಲೆ ಇಲ್ಲಿಯವರಿಗೂ ಚೆಂದ ಕಂಡಿತು. ನಮ್ಮ ರಾಗಿಯ ಕಥೆಯೂ ಇದೇ. ಬಡವರ ಊಟ ಎಂದು ಮೂಗು ಮುರಿದವರು ಈಗ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಕೇಳಿ ಹಾಕಿಸಿಕೊಳ್ಳುತ್ತಾರೆ.

ವಠಾರದ ಬಾಗಿಲಲ್ಲಿ ಒಬ್ಬ ಮುದುಕ ತೊಡೆಯ ಮೇಲೆ ತಿದಿಯ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ನುಡಿಸುತ್ತಿದ್ದ. ಬ್ಯಾಂಡೋನಿಯನ್ ಎಂದು ಅದರ ಹೆಸರು. ಎರಡೂ ಕಡೆ ಗುಂಡಿಗಳು, ನಡುವೆ ಹಾವಿನ ಹಾಗೆ ಬಳುಕುವ ತಿದಿ. ಜರ್ಮನಿಯಲ್ಲಿ ದೊಡ್ಡ ಆರ್ಗನ್ ಕೊಳ್ಳಲಾಗದ ಚರ್ಚುಗಳಲ್ಲೂ ನುಡಿಸುತ್ತಿದ್ದರಂತೆ. ವಲಸೆ ಬಂದವರ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಇಲ್ಲಿಗೆ ಬಂದು, ಪ್ರಾರ್ಥನೆ ಬಿಟ್ಟು ವಿರಹ ಹಾಡಲು ಕಲಿಯಿತು. ನಮ್ಮವರು ಅದರ ಮುಂದೆ ಗಕ್ಕನೆ ನಿಂತರು.

"ನಮ್ಮ ಹಾರ್ಮೋನಿಯಂ ಕಣೇ ಇದು! ಉಸಿರು ಬಿಡೋದು ನೋಡು" ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಯಜಮಾನರ ಹುಟ್ಟೂರು ಹಾರನಹಳ್ಳಿ. ಹರೆಯದಲ್ಲಿ ಊರಿನ ಪೌರಾಣಿಕ ನಾಟಕಗಳಲ್ಲಿ ರಾಣಿ ವೇಷ ಇವರದೇ. ಆಗ ಹೆಣ್ಣು ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಇವರು ಸೆರಗು ಹೊದ್ದು ರಂಗಕ್ಕೆ ಬಂದರೆ ಹಾರ್ಮೋನಿಯಂ ಮೇಷ್ಟರು ನುಡಿಸುವುದನ್ನು ಮರೆತು ನೋಡುತ್ತಿದ್ದರಂತೆ. ನಮ್ಮ ಸಂಬಂಧ ಬಂದಾಗ ನಮ್ಮಪ್ಪ ಒಂದೇ ಮಾತು ಹೇಳಿದರು: ಹೆಣ್ಣು ವೇಷ ಬಿಟ್ಟರೆ ಮಗಳನ್ನು ಕೊಡುತ್ತೇನೆ. ಇವರು ಬಿಟ್ಟರು. ಆಮೇಲೆ ನಾಟಕದ ಸುದ್ದಿಯನ್ನೇ ಎತ್ತಲಿಲ್ಲ. ಆ ವೇಷವನ್ನು ಜಿಲ್ಲೆಯೆಲ್ಲ ನೋಡಿತ್ತು, ನಾನೊಬ್ಬಳು ನೋಡಿರಲಿಲ್ಲ.

ಮೊದಲ ಭಾನುವಾರ

ಗ್ರಸಿಯೇಲಾಳ ನೃತ್ಯಕೂಟ ನಡೆಯುವುದು ಬಡಾವಣೆಯ ಕ್ಲಬ್ಬಿನಲ್ಲಿ, ಭಾನುವಾರ ಮಧ್ಯಾಹ್ನ. ಬರುವವರೆಲ್ಲ ನಮ್ಮ ವಯಸ್ಸಿನವರು, ನಮಗಿಂತ ದೊಡ್ಡವರು. ಒಂದು ಗೋಡೆಗೆ ಹೆಂಗಸರು, ಎದುರು ಗೋಡೆಗೆ ಗಂಡಸರು. ನಮ್ಮ ಹಳೆಯ ಕಾಲದ ಮದುವೆ ಮಾತುಕತೆಯ ಹಾಗೆಯೇ. ನೋಡಿದ ಕೂಡಲೇ ಧೈರ್ಯ ಬಂತು.

ಸೀರೆಯನ್ನು ಕಾಲಿನ ಗಿಣ್ಣಿಗಿಂತ ಮೇಲೆ ಉಟ್ಟು, ನಮ್ಮವರ ಪಕ್ಕದಲ್ಲಿ ಕೂತೆ. ಎಷ್ಟು ಹೊತ್ತಾದರೂ ಯಾರೂ ಕರೆಯಲಿಲ್ಲ. ಗ್ರಸಿಯೇಲಾ ಓಡಿಬಂದು, "ಗಂಡನ ಪಕ್ಕ ಕೂತವಳನ್ನು ಇಲ್ಲಿ ಯಾರೂ ಕರೆಯುವುದಿಲ್ಲ" ಎಂದು ಅವರನ್ನು ಎದುರು ಗೋಡೆಗೆ ಸಾಗಿಸಿದಳು. ಅವರು ಹೇಳಿದ ಹಾಗೇ ಕಿಟಕಿಗೆ ಮುಖ ಮಾಡಿ ಕೂತರು.

ಅಲ್ಲಿ ಬಾಯಿಬಿಟ್ಟು ಕರೆಯುವ ಪದ್ಧತಿಯಿಲ್ಲ. ಗಂಡಸು ದೂರದಿಂದ ನೋಡುತ್ತಾನೆ, ಹೆಂಗಸು ತಿರುಗಿ ನೋಡುತ್ತಾಳೆ. ಅವನು ತಲೆಯಾಡಿಸಿದರೆ ಇವಳೂ ಆಡಿಸಬೇಕು. ಇವಳು ಕಣ್ಣು ತಗ್ಗಿಸಿದರೆ ಬೇಡ ಎಂದು ಅರ್ಥ. ಕರೆದವನಿಗೆ ಅವಮಾನವಿಲ್ಲ, ಯಾರಿಗೂ ಗೊತ್ತೇ ಆಗುವುದಿಲ್ಲ. ಎಷ್ಟು ಮರ್ಯಾದೆಯ ಪದ್ಧತಿ! ಆದರೆ ಪರಗಂಡಸು ನೋಡಿದರೆ ಕಣ್ಣು ತಾನಾಗಿ ನೆಲಕ್ಕೆ ಹೋಗುವ ಹಾಗೆ ನನ್ನನ್ನು ಬೆಳೆಸಿದ್ದಾರೆ. ಒಬ್ಬೊಬ್ಬರೇ ನೋಡಿದರು, ನಾನು ಒಬ್ಬೊಬ್ಬರಿಗೇ ಬೇಡ ಎಂದೆ. ಮಂಡಿಯಲ್ಲಿ ಎಂಥ ವ್ಯಾಪಾರಿಯನ್ನೂ ದುರುಗುಟ್ಟಿ ನೋಡುವವಳು ಅಲ್ಲಿ ನನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತೆ.

ಕೊನೆಗೆ ನಾದಿನಿಯ ನಗು ನೆನಪಾಯಿತು. ಕತ್ತೆತ್ತಿದೆ. ಬೂದು ಕೋಟಿನ ಒಬ್ಬ ಹಿರಿಯರು ತಲೆಯಾಡಿಸಿದರು, ನಾನೂ ಆಡಿಸಿದೆ. ಬಂದು ನನ್ನನ್ನು ಹಿಡಿದುಕೊಂಡರು. ಹಾಡು ಶುರುವಾಯಿತು. ಅವರು ಮುಂದೆ ಹೆಜ್ಜೆ ಇಟ್ಟರು, ನಾನೂ ಮುಂದೆ ಇಟ್ಟೆ. ಮಂಡಿಗೆ ಮಂಡಿ ಬಡಿಯಿತು. ಅವರು ಎಡಕ್ಕೆ ತಳ್ಳಿದರೆ ನಾನು ಬಲಕ್ಕೆ ತಳ್ಳಿದೆ. ಇಕ್ಕಟ್ಟಿನ ರಸ್ತೆಯಲ್ಲಿ ಎದುರುಬದುರಾದ ಎರಡು ಲಾರಿಗಳ ಹಾಗೆ ನಿಂತೆವು. ಎರಡನೇ ಹಾಡಿನ ನಡುವೆ ನನ್ನ ಕ್ಯಾನ್ವಾಸ್ ಬೂಟು ಅವರ ಪಾದವನ್ನು ಸರಿಯಾಗಿ ತುಳಿಯಿತು. ಪಾಪ, ಅವರೇ ಕ್ಷಮೆ ಕೇಳಿ ನನ್ನನ್ನು ಕುರ್ಚಿಯ ತನಕ ಬಿಟ್ಟು ಹೋದರು. ಸುತ್ತು ಇನ್ನೂ ಮುಗಿದಿರಲಿಲ್ಲ. ಸುತ್ತಿನ ನಡುವೆ ಕೂತ ಹೆಂಗಸು ಇಡೀ ಹಾಲಿನಲ್ಲಿ ನಾನೊಬ್ಬಳೇ. ನಾಚಿಕೆಯಿಂದ ಸತ್ತೇಹೋದೆ.

ಬುಧವಾರದ ಪಾಠ

ನಾನಿನ್ನು ಕುಣಿಯುವುದಿಲ್ಲ ಎಂದು ಅತ್ತೆ. ಗ್ರಸಿಯೇಲಾ ಬಿಡದೆ ಬುಧವಾರದ ಪಾಠಕ್ಕೆ ಎಳೆದುಕೊಂಡು ಹೋಗಿ ನನ್ನನ್ನು ಹಿಡಿದು ನೋಡಿದಳು. ನೋಡಿದವಳೇ ಹಣೆ ಚಚ್ಚಿಕೊಂಡಳು.

"ತಪ್ಪು ನನ್ನದು ಗಿರಿಜಾ. ನಿಮ್ಮ ತಾರಸಿಯಲ್ಲಿ ಕುಂಟುತ್ತಿದ್ದವಳು ನಾನು, ನಡೆಸಿದವಳು ನೀನು. ಹಿಂದೆ ಹೋಗುವುದು ಹೆಂಗಸಿನ ಪಾಲು. ನೀನು ಕಲಿತಿರುವುದು ಗಂಡಸಿನ ಪಾಲು!"

ದಿಂಬು ಕೂಡ ಎರಡು ವರ್ಷ ಹಿಂದಕ್ಕೇ ಹೋಗಿತ್ತು, ಬಡಪಾಯಿ. ಇನ್ನೊಂದು ಪಾಲು ಕಲಿಸಲು ಅವಳು ಹೆಣಗಿದಳು. ನನಗೆ ಕಾಯಲು ಬರಲಿಲ್ಲ. ಅವಳು ಹೆಜ್ಜೆ ಎತ್ತುವ ಮುಂಚೆಯೇ ನಾನು ಹೊರಟಿರುತ್ತಿದ್ದೆ.

ನನ್ನ ಅಳುಮುಖ ನೋಡಲಾಗದೆ ಓಸ್ವಾಲ್ದೋ ತನ್ನ ಯೌವನದ ಕಥೆ ಹೇಳಿದ. ಅವನ ಕಾಲದಲ್ಲಿ ಹುಡುಗರು ಹುಡುಗರ ಜೊತೆಗೇ ಕಲಿಯುತ್ತಿದ್ದರಂತೆ. ಹೊಸಬ ಮೊದಲು ಹೆಂಗಸಿನ ಪಾಲನ್ನೇ ಕಲಿಯಬೇಕು. ಅದು ಚೆನ್ನಾಗಿ ಬಂದ ಮೇಲೆ ಗಂಡಸಿನ ಪಾಲು. ಆಮೇಲೆ ಹುಡುಗಿಯರ ಮುಂದೆ ಹೋಗಲು ಅಪ್ಪಣೆ.

ಗ್ರಸಿಯೇಲಾ ಇದನ್ನು ಇಂಗ್ಲಿಷಿಗೆ, ನಾನು ಕನ್ನಡಕ್ಕೆ ತಂದಾಗ ಕಿಟಕಿಯ ಕಡೆ ಇದ್ದ ನಮ್ಮವರ ತಲೆ ತಿರುಗಿತು.

"ಹೆಣ್ಣಿನ ಪಾಲು ಗಂಡುಸ್ರೇ ಮಾಡ್ತಿದ್ರಾ? ಯಾರೂ ನಗ್ತಿರಲಿಲ್ವಾ ಕೇಳು."

ಕೇಳಿದೆ. "ಚೆನ್ನಾಗಿ ಮಾಡಿದವನನ್ನು ನೋಡಿ ಯಾರು ನಗುತ್ತಾರೆ?" ಎಂದ ಓಸ್ವಾಲ್ದೋ.

ನಮ್ಮವರು ಎದ್ದರು. ಬೂಟು ಬಿಚ್ಚಿಟ್ಟು ಸಾಕ್ಸಿನಲ್ಲಿ ಹೋಗಿ ಮುದುಕನ ಮುಂದೆ ನಿಂತು ಅವನ ಹೆಗಲ ಮೇಲೆ ಕೈ ಇಟ್ಟರು. ಅವನು ಅಪ್ಪಿಕೊಂಡಾಗ ಎದೆಗೆ ಏನೋ ಗಟ್ಟಿಯಾಗಿ ತಾಗಿ ಬೆಚ್ಚಿದ. ಇವರು ಅಂಗಿಯೊಳಗಿಂದ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೆಗೆದು ತೋರಿಸಿ, "ಗಾಡ್" ಎಂದರು. "ಒಳ್ಳೆಯದು, ಮೂವರೂ ಕುಣಿಯೋಣ" ಎಂದ ಅವನು.

ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ! ಮುದುಕನ ನೋವಿನ ಮಂಡಿ ತಡೆದು ತಡೆದು ಮುಂದೆ ಬಂದರೆ, ನಮ್ಮವರ ಕಾಲು ಅದನ್ನು ಕಾದುಕೊಂಡು ಹಿಂದೆ ಸರಿಯಿತು. ಕತ್ತು ನೀಳವಾಯಿತು. ತೆಂಗಿನ ಮಟ್ಟೆ ಹೊತ್ತ ಹೆಗಲು ಇಳಿದು ಮೆತ್ತಗಾಯಿತು. ತಿರುಗುವಾಗ ಇಲ್ಲದ ಸೆರಗು ಅವರ ಬೆನ್ನ ಮೇಲೆ ಇತ್ತು, ನನಗೆ ಕಂಡಿತು. ಪಾಠಕ್ಕೆ ಬಂದಿದ್ದ ನಾಲ್ಕೈದು ಜನ ಕುಣಿತ ನಿಲ್ಲಿಸಿ ನೋಡಿದರು. ಮೂವತ್ತು ವರ್ಷ ಜೊತೆಗಿದ್ದವರನ್ನು ನಾನು ಅವತ್ತು ಮೊದಲ ಸಲ ಪೂರ್ತಿಯಾಗಿ ನೋಡಿದೆ. ನಮ್ಮಪ್ಪನ ಮೇಲೆ ಎಲ್ಲಿಲ್ಲದ ಕೋಪ ಬಂತು.

ಮನೆಗೆ ನಡೆದು ಬರುವಾಗ ಅವರು ನನ್ನ ಕಡೆ ನೋಡದೆ ಹೇಳಿದರು: "ನೀನು ಕಲ್ತಿರೋದು ಸರಿಯಾಗೇ ಐತೆ ಕಣೇ. ಜೊತೆ ತಪ್ಪಿತ್ತು, ಅಷ್ಟೇ."

"ಹಂಗಾದ್ರೆ ಭಾನುವಾರ ಬರ್ತೀರಾ?"

"ಅಷ್ಟೊಂದು ಜನದ ಮುಂದೆ ನಂಗೆ ಆಗಲ್ಲ. ಮದುವೆಲಿ ಮಾತು ಕೊಟ್ಟಿದೀನಿ" ಎಂದು ಮುಂದೆ ಮುಂದೆ ನಡೆದರು.

ಮತ್ತೆ ಭಾನುವಾರ

ಮಾರನೆಯ ದಿನ ನಮ್ಮ ವಿಮಾನ. ಅವತ್ತು ಕ್ಲಬ್ಬಿನಲ್ಲಿ ಹಾಡು ನುಡಿಸುವವರೇ ಬಂದಿದ್ದರು. ಪಿಟೀಲು, ಪಿಯಾನೋ, ಎರಡು ಬ್ಯಾಂಡೋನಿಯನ್. ನಾನು ಈ ಗೋಡೆಗೆ, ಅವರು ಆ ಗೋಡೆಗೆ, ಕಿಟಕಿಗೆ ಮುಖ. ಸುತ್ತುಗಳು ಬಂದವು, ಹೋದವು. ನಾನು ಯಾರನ್ನೂ ನೋಡಲಿಲ್ಲ, ಆ ಬೆನ್ನನ್ನೇ ನೋಡುತ್ತಿದ್ದೆ.

"ಇದು ಕೊನೆಯ ಸುತ್ತು" ಎಂದಳು ಪಕ್ಕದಲ್ಲಿದ್ದ ಗ್ರಸಿಯೇಲಾ.

ಬ್ಯಾಂಡೋನಿಯನ್‌ನವನು ಹಾಡಿಗೆ ಮುಂಚೆ ತಿದಿ ಎಳೆದ. ಹೂಂ ಎಂದು ಒಂದು ಉದ್ದ ಉಸಿರು. ರಂಗಕ್ಕೆ ಪಾತ್ರ ಬರುವ ಮುಂಚೆ ಹಾರ್ಮೋನಿಯಂ ಹೀಗೆಯೇ ಶ್ರುತಿ ಹಿಡಿಯುತ್ತದೆ. ಕಿಟಕಿಯ ಕಡೆಯಿದ್ದ ತಲೆ ತಿರುಗಿತು. ನಾನು ಕಣ್ಣು ತಗ್ಗಿಸಲಿಲ್ಲ. ಗಂಡಸರು ಮಾಡುವ ಹಾಗೆ, ಇಡೀ ಹಾಲು ನೋಡುತ್ತಿರುವಾಗ, ನಾನೇ ತಲೆಯಾಡಿಸಿ ಕರೆದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಮ್ಮೂರಿನ ಹಾಗೆ ತಲೆಯನ್ನು ಆಚೆಗೊಂದು ಸಲ, ಈಚೆಗೊಂದು ಸಲ ವಾಲಿಸಿದರು.

"ಅಯ್ಯೋ, ಬೇಡ ಎಂದನೇ?" ಎಂದಳು ಗ್ರಸಿಯೇಲಾ.

"ಹೂಂ ಅಂದರು!" ಎನ್ನುತ್ತಾ ಆಗಲೇ ಎದ್ದಿದ್ದೆ. ಆ ಹಾಲಿನಲ್ಲಿ ಅದನ್ನು ಓದಲು ಬರುತ್ತಿದ್ದವಳು ನಾನೊಬ್ಬಳೇ.

ನಡುವೆ ಬಂದು ನಿಂತೆವು. ಬೀದಿಯಲ್ಲಿ ಯಾವತ್ತೂ ಕೈ ಹಿಡಿಯದ ನಾವು ಇಷ್ಟು ಜನರ ಮುಂದೆ ಅಪ್ಪಿಕೊಂಡೆವು. ಅವರ ಕರಡಿಗೆ ನನ್ನ ಎದೆಗೆ ತಾಗಿತು. ನಾನು ಮುಂದೆ ಹೆಜ್ಜೆ ಇಟ್ಟೆ, ಅವರು ಹಿಂದೆ ಇಟ್ಟರು. ಅಷ್ಟೇ ಟ್ಯಾಂಗೋ. ಮಾತು ಬಾರದವರು ವಠಾರದ ಅಂಗಳದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆಯಲು ಕಲಿತರಲ್ಲ, ಅದು ಯಾಕೆಂದು ಆಗ ನನಗೆ ಅರ್ಥವಾಯಿತು. ಮೂವತ್ತು ವರ್ಷದಲ್ಲಿ ನಾವು ಆಡದ ಎಷ್ಟೋ ಮಾತು ಆ ಒಂದು ಹಾಡಿನಲ್ಲಿ ಆಡಿದೆವು. ಬಾಯಿಬಿಟ್ಟು ಆಡಿದ ಮಾತು ಮಾತ್ರ ಒಂದೇ, ಅದೂ ಅವರದು.

"ಮೆತ್ತಗೆ ಕಣೇ. ಕೊಬ್ಬರಿ ಮೂಟೆ ತಳ್ಳಿದಂಗೆ ತಳ್ಳಬ್ಯಾಡ."

ಮೆತ್ತಗೆ ಹೋದೆ. ಎರಡನೆಯ ಹಾಡಿಗೆ ಹೆದರಿಕೆ ಹೋಯಿತು. ಮೂರನೆಯದಕ್ಕೆ ಬೂದು ಕೋಟಿನ ಹಿರಿಯರು ತಮ್ಮ ಜೊತೆಯನ್ನು ತಿರುಗಿಸುತ್ತಾ ನಮಗೆ ದಾರಿ ಬಿಟ್ಟು ತಲೆಬಾಗಿದರು. ಕೊನೆಯ ಹಾಡು ನಿಂತಾಗ ನಾವು ಹಾಲಿನ ಸರಿಯಾಗಿ ನಡುವೆ ಇದ್ದೆವು. ಸುತ್ತು ಪೂರ್ತಿಯಾಗಿತ್ತು! ಓಸ್ವಾಲ್ದೋ ಕೋಲನ್ನು ನೆಲಕ್ಕೆ ಕುಟ್ಟಿದ. ಗ್ರಸಿಯೇಲಾ ಅಳುತ್ತಿದ್ದಳು, ನಾನು ನಗುತ್ತಿದ್ದೆ. ಸೋರೆಬುರುಡೆ ಕೈಯಿಂದ ಕೈಗೆ ಬಂತು. ನಮ್ಮವರು ಹಿಂದೆಮುಂದೆ ನೋಡದೆ ಕೊಳವೆ ಬಾಯಿಗಿಟ್ಟು ತಳದ ತನಕ ಹೀರಿದರು.

ಹಾರನಹಳ್ಳಿ

ಬಂದ ವಾರದಲ್ಲೇ ಹಾರನಹಳ್ಳಿಗೆ ಹೋಗಿದ್ದೆವು. ಗಂಡಸಿಯ ನಾದಿನಿಯೂ ಬಂದಿದ್ದಳು. ಅವಳಿಗೆ ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ. ನಗಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡು ನೋಡಿ, ಮೂರನೆಯ ಸಲಕ್ಕೆ ಫೋನನ್ನೇ ಕೈಗೆ ತೆಗೆದುಕೊಂಡಳು.

ಜಗಲಿಯ ಮೇಲೆ ಇವರ ಹಳೆಯ ನಾಟಕದ ಗೆಳೆಯರು ಕೂತಿದ್ದರು. ಅವರಲ್ಲೊಬ್ಬರು ಇವರ ತೊಡೆ ತಟ್ಟಿ, "ಏನ್ಲಾ ರುದ್ರಾ, ಹೆಂಡ್ತೀನ ಪರದೇಶದಲ್ಲಿ ಕುಣಿಸ್ಕೊಂಡು ಬಂದ್ಯಂತೆ?" ಎಂದರು.

ಇವರು ಈ ಸಲ ಮೇಲೆ ನೋಡಲಿಲ್ಲ. "ಇಲ್ಲ ಕಣ್ಲಾ. ಕುಣಿಸಿದೋಳು ಅವಳು. ಕುಣಿದೋನು ನಾನು" ಎಂದರು. ಆಮೇಲೆ, "ಈ ವರ್ಷದ ನಾಟಕಕ್ಕೆ ರಾಣಿ ಪಾತ್ರ ಯಾರ್ದು?" ಎಂದು ಕೇಳಿದರು.

"ಬೆಂಗ್ಳೂರಿಂದ ಯಾರನ್ನೋ ಕರೆಸಾನ ಅಂತಿದ್ವಿ."

"ಬ್ಯಾಡ ಅನ್ನು" ಎಂದರು ನಮ್ಮವರು.

ಎಲ್ಲರೂ ನನ್ನ ಮುಖ ನೋಡಿದರು. ಮನೆಗೆ ಬಂದವಳೇ ಬೀರು ತೆಗೆದು, ನಮ್ಮಪ್ಪ ಮದುವೆಗೆ ಕೊಟ್ಟಿದ್ದ ಕೆಂಪು ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಿದೆ. ವೇಷಕ್ಕೆ ಅದೇ ಸೀರೆ.